ಕಾರಾ ಟ್ರೈನಾ ಆಮೇಲೆ ನೋಡೋಣ, ಮೊದಲು ಯಾವ ಸ್ಟ್ಯಾಂಡ್ ಹೇಳಿ

ಟಿಕೆಟ್ ಇನ್ನೂ ತಗೊಂಡಿಲ್ಲ ತಾನೇ? ಹಾಗಾದರೆ ಸ್ವಲ್ಪ ತಡೆಯಿರಿ. ನಾಲ್ಕು ಜನ ಗೆಳೆಯರು, ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ನಮ್ಮ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಮ್ಯಾಚ್, ಆ್ಯಪ್‌ನಲ್ಲಿ ಕಡಿಮೆ ರೇಟಿನ ಟಿಕೆಟ್ ತಗೊಂಡು ಬೆಳಗ್ಗೆ ಕಾರಲ್ಲಿ ಹೊರಟು ರಾತ್ರಿಯೇ ವಾಪಸ್, ಕಾರು ವಾಸಿಯಾ ಟ್ರೈನ್ ವಾಸಿಯಾ, ನೀಲಿ ಜೆರ್ಸಿ ಹಾಕಿದರೆ ತೊಂದರೆ ಇಲ್ವಾ ಅಂತ ಕೇಳಿದ್ದೀರಿ. 2017ರ ಡಿಸೆಂಬರ್‌ನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದೂ ಇದೇ.

ಅದು ನಮ್ಮ ತಂಡಕ್ಕೆ ಐಎಸ್‌ಎಲ್‌ನಲ್ಲಿ, ಅಂದ್ರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಮೊದಲ ವರ್ಷ. 2013ರಲ್ಲಿ ಶುರುವಾದ ಕ್ಲಬ್ಬು, ದೇಶದ ಇನ್ನೊಂದು ಲೀಗ್ ಆದ ಐ-ಲೀಗ್ ಎರಡು ಸಲ ಗೆದ್ದಾಗಿತ್ತು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಗಿಬಂದಿತ್ತು. ಆದರೆ ಕೇರಳದವರ ಜೊತೆ ಲೀಗ್ ಮ್ಯಾಚ್ ಅಂತ ಆಡಿದ್ದು ಆವಾಗಲೇ ಮೊದಲು. ಅದೂ ಡಿಸೆಂಬರ್ 31ಕ್ಕೆ, ಕೊಚ್ಚಿಯ ಕಲೂರಿನ ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲಿ. ಕ್ರಿಸ್‌ಮಸ್, ಹೊಸ ವರ್ಷದ ಸಮಯದಲ್ಲಿ ಬೆಂಗಳೂರಿಂದ ಕೇರಳಕ್ಕೆ ಸೀಟು ಸಿಗೋದು ಎಷ್ಟು ಕಷ್ಟ ಅಂತ ಮಡಿವಾಳದಲ್ಲಿ ಬಸ್ ಕಾದವರಿಗೆ ಗೊತ್ತು. ಟ್ರೈನೆಲ್ಲಾ ವೇಟಿಂಗ್ ಲಿಸ್ಟು, ಖಾಸಗಿ ಬಸ್ ರೇಟು ದಿನಕ್ಕೊಂದು. ಹಾಗಾಗಿ ಆ ತಿಂಗಳೆಲ್ಲಾ ನನ್ನ ಯೋಚನೆ ಒಂದೇ, ಹೋಗೋದು ಹೇಗೆ, ಬರೋದು ಹೇಗೆ. ಕೊನೆಗೆ ಐಲ್ಯಾಂಡ್ ಎಕ್ಸ್‌ಪ್ರೆಸ್‌ನಲ್ಲಿ ಆರ್‌ಎಸಿ ಸಿಕ್ಕಿದಾಗ ಎಲ್ಲಾ ಕೆಲಸ ಮುಗೀತು ಅಂದುಕೊಂಡೆ.

ಮ್ಯಾಚ್ ಟಿಕೆಟ್ ಅಂತೂ ಮಾರಾಟ ಶುರುವಾದ ದಿನವೇ ತಗೊಂಡಿದ್ದೆ. ತಪ್ಪಾಗಿದ್ದು ಅಲ್ಲಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಮಾಡೋಕೆ ಹೊರಟಿರೋದೂ ಅದನ್ನೇ.

ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಹಾಡುವ ನಮ್ಮ ಅಭಿಮಾನಿಗಳ ಗುಂಪು ಗೊತ್ತಲ್ಲ, ವೆಸ್ಟ್ ಬ್ಲಾಕ್ ಬ್ಲೂಸ್. ಅವರು ಕೊಚ್ಚಿಗೆ ಬರುವವರ ಹೆಸರು ಬರೆದುಕೊಳ್ಳುತ್ತಿದ್ದಾರೆ, ಎಲ್ಲರೂ ಒಂದೇ ಕಡೆ ಕೂರೋ ಹಾಗೆ ಟಿಕೆಟ್ ಮಾತಾಡ್ತಿದ್ದಾರೆ, ಎರಡು ದಿನ ತಡಿ ಅಂತ ಗೆಳೆಯನೊಬ್ಬ ಫೋನ್ ಮಾಡಿ ಹೇಳಿದ. ನನಗೆ ಆ ಎರಡು ದಿನ ತಡೆಯೋಕಾಗಲಿಲ್ಲ. ಎಲ್ಲಿ ಕೂತರೇನು, ಮ್ಯಾಚ್ ಒಂದೇ ತಾನೇ ಅಂದೆ. ಟಿಕೆಟ್ ಖಾಲಿಯಾದರೆ ಅನ್ನೋ ಭಯ ಬೇರೆ. ಆ್ಯಪ್‌ನಲ್ಲಿ ಸ್ಟೇಡಿಯಂ ಚಿತ್ರ ತೋರಿಸುತ್ತೆ, ಸ್ಟ್ಯಾಂಡ್‌ಗಳಿಗೆ ಎ, ಬಿ, ಸಿ ಅಂತ ಅಕ್ಷರ ಇರುತ್ತೆ, ಕೆಳಗೆ ರೇಟು. ಯಾವುದರಲ್ಲಿ ಯಾರು ಕೂರ್ತಾರೆ ಅಂತ ಎಲ್ಲೂ ಬರೆದಿರಲ್ಲ. ಹೊರಗಿನ ತಂಡದವರಿಗೆ ಅಂತ ಬೇಲಿ ಹಾಕಿ, ಪೊಲೀಸರನ್ನ ನಿಲ್ಲಿಸಿ ಬಿಟ್ಟುಕೊಡುವ ಜಾಗ ಒಂದು ಮೂಲೆ ಮಾತ್ರ, ಅದರ ಗೇಟೇ ಬೇರೆ. ಅಲ್ಲಿಗೆ ಟಿಕೆಟ್ ನಮ್ಮ ಗುಂಪಿನ ಮೂಲಕ ಸಿಗುತ್ತೆ. ಆ್ಯಪ್‌ನಲ್ಲಿ ಅಗ್ಗದ ಟಿಕೆಟ್ ನೋಡಿ ಒತ್ತಿದರೆ ನೀವು ಹೋಗಿ ಕೂರೋದು ಮಂಜಪ್ಪಡ ಮಧ್ಯದಲ್ಲಿ, ಅಂದ್ರೆ ಹಳದಿ ಹಾಕಿರೋ ಬ್ಲಾಸ್ಟರ್ಸ್ ಅಭಿಮಾನಿಗಳ ಗುಂಪಿನ ನಡುವೆ. ನಾನು ಕೂತಿದ್ದು ಅಲ್ಲೇ.

ಗೇಟಿನಲ್ಲಿ ಸರಿ ಮಾಡಿಕೊಳ್ಳೋಣ ಅಂದುಕೊಂಡಿದ್ದೆ. ಕಲೂರಿನ ಸ್ಟೇಡಿಯಂ ಸುತ್ತ ಗ್ಯಾಲರಿ ಕೆಳಗೆ ಸಾಲಾಗಿ ಅಂಗಡಿಗಳಿವೆ. ಅವುಗಳ ಮುಂದೆ ಜನರನ್ನ ತಳ್ಳಿಕೊಂಡು ನಮ್ಮವರ ಗೇಟ್ ತನಕ ಹೋದೆ. ಒಳಗೆ ಡ್ರಮ್ ಹೊಡೀತಿದ್ದಾರೆ, ನನಗೆ ಕೇಳಿಸ್ತಿದೆ. ಪೊಲೀಸಪ್ಪ ಟಿಕೆಟ್ ನೋಡಿ ಹಿಂದಿನ ದಿಕ್ಕಿಗೆ ಕೈ ತೋರಿಸಿದರು. ಇನ್ನೊಬ್ಬರನ್ನ ಕೇಳಿದೆ, ಅದೇ ಉತ್ತರ. ಅವರು ಹೇಳಿದ್ದೂ ಸರಿಯೇ. ಜನ ಬೆರೆಯಬಾರದು ಅಂತಲೇ ಅವರನ್ನ ಅಲ್ಲಿ ನಿಲ್ಲಿಸಿರೋದು.

ಜೆರ್ಸಿ ಮೇಲೆ ಚೆಕ್ಸ್ ಶರ್ಟ್ ಹಾಕಿ ಕೊರಳಿನ ಗುಂಡಿ ತನಕ ಮುಚ್ಚಿಕೊಂಡು ಕೂತೆ. ಪಕ್ಕದಲ್ಲಿ ಒಬ್ಬ ಚೇಟ್ಟ, ಅಂದ್ರೆ ಮಲಯಾಳಿ ಅಣ್ಣ, ಅವರ ತೊಡೆ ಮೇಲೆ ಕೆನ್ನೆಗೆ ಹಳದಿ ಬಳಿದುಕೊಂಡ ಮಗಳು. ಎರಡನೇ ಅರ್ಧದಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ಸುನಿಲ್ ಛೆಟ್ರಿ ಚೆಂಡು ಇಟ್ಟರು, ಹೊಡೆದರು, ಗೋಲು. ನಮ್ಮ ತಂಡ ಬ್ಲಾಸ್ಟರ್ಸ್ ಮೇಲೆ ಹೊಡೆದ ಮೊದಲ ಗೋಲು ಅದು. ನಾನು ಕುರ್ಚಿಯ ಪ್ಲಾಸ್ಟಿಕ್ ಅಂಚನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಎದುರಿನ ಮೂಲೆಯಲ್ಲಿ ನಮ್ಮವರು ಒಬ್ಬರ ಮೇಲೊಬ್ಬರು ಬೀಳ್ತಿದ್ದರು. ದೂರ ಎಷ್ಟಿತ್ತು ಅಂದ್ರೆ ಡ್ರಮ್ ಮೇಲೆ ಕೈ ಬೀಳೋದು ಮೊದಲು ಕಾಣ್ತಿತ್ತು, ಸದ್ದು ಆಮೇಲೆ ಬರ್ತಿತ್ತು. ಇಂಜುರಿ ಟೈಮ್‌ನಲ್ಲಿ ನಮ್ಮ ಮಿಕು ಎರಡು ಗೋಲು ಹೊಡೆದರು. ಸುತ್ತಲಿನವರು ಎದ್ದು ಹೊರಡೋಕೆ ಶುರು ಮಾಡಿದರು. ಕೊನೆಗೆ ಅವರಿಗೂ ಒಂದು ಪೆನಾಲ್ಟಿ ಸಿಕ್ಕಿ 3-1 ಆಯ್ತು. ಗೆದ್ದಿದ್ದೇವೆ, ಅದೂ ಅವರ ಮನೆಯಲ್ಲಿ, ಮೊದಲನೇ ಸಲವೇ. ನನ್ನ ಗಂಟಲಿಂದ ಒಂದು ಸದ್ದು ಹೊರಡಲಿಲ್ಲ. ರಾತ್ರಿಯೆಲ್ಲಾ ಪ್ರಯಾಣ ಮಾಡಿ, ಹೊಸ ವರ್ಷ ಮನೇಲಿ ಇರಲ್ಲ ಅಂತ ಅಮ್ಮನ ಹತ್ತಿರ ಬೈಸಿಕೊಂಡು ಹೋಗಿ, ಟಿವಿಯಲ್ಲಿ ನೋಡಿದ್ದರೆ ಆಗುತ್ತಿದ್ದಷ್ಟು ಖುಷಿಯೂ ಆಗಲಿಲ್ಲ. ಟಿವಿ ಮುಂದಾದರೂ ಕೂಗಬಹುದಿತ್ತು.

ಆ ಚೇಟ್ಟ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಹೊರಗೆ ಬರುವಾಗ ಮೆಟ್ಟಿಲ ಮೇಲೆ ಯಾವೂರು ಅಂತ ಕೇಳಿದರು. ಬೆಂಗಳೂರು ಅಂದೆ. ನನ್ನ ಕೊರಳಪಟ್ಟಿ ಕಡೆ ನೋಡಿ ಅರ್ಥ ಮಾಡಿಕೊಂಡರು. ಚೆನ್ನಾಗಿ ಆಡಿದ್ರಿ ಅಂತ ಹೇಳಿ, ಮೆಟ್ರೋ ಕಡೆ ಹೋಗೋಕೆ ಯಾವ ಗೇಟಲ್ಲಿ ನೂಕುನುಗ್ಗಲು ಕಡಿಮೆ ಅಂತ ತೋರಿಸಿಕೊಟ್ಟರು. ಹಾಗಾಗಿ ಸೇಫಾ ಅನ್ನೋ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಹೌದು, ನಮ್ಮ ಜಾಗದಲ್ಲಿ ಇದ್ದರೆ. 2023ರ ಮಾರ್ಚ್ 3ರ ಪ್ಲೇಆಫ್ ಆದಮೇಲೆ ಬಿಸಿ ಜಾಸ್ತಿಯಾಗಿದೆ ನಿಜ. ಕಂಠೀರವದಲ್ಲಿ ಎಕ್ಸ್‌ಟ್ರಾ ಟೈಮ್‌ನ 96ನೇ ನಿಮಿಷದಲ್ಲಿ ತಾವು ಸಿದ್ಧವಾಗೋ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು ಅಂತ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದಿದ್ದು, ಅದಕ್ಕೆ ಅವರಿಗೆ 4 ಕೋಟಿ ದಂಡ ಬಿದ್ದಿದ್ದು ಅವರ್ಯಾರೂ ಮರೆತಿಲ್ಲ. ಕೂಗ್ತಾರೆ, ಬೈತಾರೆ. ನಾವೂ ಬೈತೀವಿ. ಆದರೆ ಅವರ ಸ್ಟ್ಯಾಂಡಲ್ಲಿ ಕೂತು ನೀಲಿ ಜೆರ್ಸಿ ತೋರಿಸೋದು ಧೈರ್ಯ ಅಲ್ಲ, ಸುಮ್ನೆ ಅಲ್ಲಿ ಡ್ಯೂಟಿಯಲ್ಲಿರೋ ಪೊಲೀಸರಿಗೆ ತಲೆನೋವು.

ಆಮೇಲೆ ಗುಂಪಿನ ಜೊತೆಯೇ ಹೋದೆ. 2024ರ ಅಕ್ಟೋಬರ್ 25ರ ಮ್ಯಾಚಿಗೂ ಹೋಗಿದ್ದೆ, ಅವತ್ತೂ 3-1, ಗೆದ್ದವರೂ ನಾವೇ. ಎಡ್ಗರ್ ಮೆಂಡೆಜ್ ಕೊನೆಯ ಗೋಲು ಹೊಡೆದಾಗ ನನ್ನ ಚಪ್ಪಲಿ ಎರಡು ಸಾಲು ಕೆಳಗೆ ಹೋಗಿತ್ತು. ಯಾರೋ ಗೊತ್ತಿಲ್ಲದ ಹುಡುಗ ನನ್ನ ತಬ್ಬಿಕೊಂಡು ಕಿವಿಯಲ್ಲೇ ಕಿರುಚುತ್ತಿದ್ದ. ಇದಕ್ಕೋಸ್ಕರ ಹೋಗಬೇಕು. ಅವರು ನಮ್ಮ ಕಂಠೀರವಕ್ಕೆ ಬಂದಾಗ ಎಷ್ಟು ಹಳದಿ ಇರುತ್ತೆ ನೋಡಿದ್ದೀರಲ್ವಾ? ಬೆಂಗಳೂರಲ್ಲಿ ಕೆಲಸ ಮಾಡೋ ಮಲಯಾಳಿಗಳು ಆಫೀಸ್ ಮುಗಿಸಿ ನೇರ ಬರ್ತಾರೆ, ಊರಿಂದಲೂ ಬರ್ತಾರೆ. ನಾವು ಅವರ ಊರಿಗೆ ಹೋಗೋದು ಅಷ್ಟೇ ಮುಖ್ಯ. ಹೋಗಿ ಬಾಯಿ ಮುಚ್ಚಿಕೊಂಡು ಕೂತರೆ ಆಟಗಾರರಿಗೆ ನಾವು ಅಲ್ಲಿದ್ದೀವಿ ಅಂತ ಗೊತ್ತಾಗೋದಾದರೂ ಹೇಗೆ?

ಇನ್ನು ಕಾರು. ಬೇಡ. ಹೊಸೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡ್, ತ್ರಿಶ್ಶೂರು ದಾಟಿ ಕೊಚ್ಚಿ ಅಂದ್ರೆ ಸುಮಾರು 550 ಕಿಲೋಮೀಟರ್. ಚೆನ್ನಾಗಿ ಓಡಿಸಿದರೂ ಹತ್ತು ಗಂಟೆ, ಬೆಂಗಳೂರು ದಾಟೋಕೆ ಎಷ್ಟು ಹೊತ್ತು ಅನ್ನೋದು ದೇವರಿಗೇ ಗೊತ್ತು. ಸಾಮಾನ್ಯವಾಗಿ ಮ್ಯಾಚ್ ರಾತ್ರಿ 7:30ಕ್ಕೆ, ಮುಗಿಯುವಾಗ 9:30ರ ಹತ್ತಿರ. ಅದರ ಮೇಲೆ ಹೊರಗಿನವರನ್ನ ತಕ್ಷಣ ಬಿಡಲ್ಲ, ಊರಿನ ಜನ ಕರಗೋ ತನಕ ಸ್ಟ್ಯಾಂಡಲ್ಲೇ ಕೂರಿಸ್ತಾರೆ. ಬೆಳಗ್ಗೆಯಿಂದ ಓಡಿಸಿ, ಎರಡು ಗಂಟೆ ಕುಣಿದು, ಮತ್ತೆ ರಾತ್ರಿಯೆಲ್ಲಾ ಓಡಿಸೋದು ಅಂದ್ರೆ ಸೇಲಂ ಹತ್ತಿರ ಬರೋ ಹೊತ್ತಿಗೆ ಕಣ್ಣು ಮುಚ್ಚುತ್ತೆ. ನಾಲ್ಕು ಜನ ಡ್ರೈವಿಂಗ್ ಹಂಚಿಕೊಳ್ತೀವಿ ಅನ್ಬೇಡಿ. ನಾಲ್ಕೂ ಜನ ಸುಸ್ತಾಗಿರ್ತೀರಿ.

ಟ್ರೈನ್ ಹಿಡಿಯಿರಿ. ಹಿಂದಿನ ರಾತ್ರಿ ಹೊರಡೋ ಗಾಡಿ ಆದರೆ ಬೆಳಗ್ಗೆ ಅಲ್ಲಿರ್ತೀರಿ. 2025ರ ನವೆಂಬರ್‌ನಲ್ಲಿ ಶುರುವಾದ ಎರ್ನಾಕುಳಂ ವಂದೇ ಭಾರತ್ ಕೂಡ ಇದೆ, ಬೆಳಗಿನ ಜಾವ ಹೊರಟು ಮಧ್ಯಾಹ್ನ ಎರಡರ ಒಳಗೆ ತಲುಪಿಸುತ್ತೆ. ಬೆಳಗಿನ ಇಂಟರ್‌ಸಿಟಿ ಸಂಜೆ ಐದರ ಹತ್ತಿರ ತಲುಪುತ್ತೆ, ಅದು ಎರಡು ಮೂರು ಗಂಟೆ ಲೇಟಾದರೆ ಮ್ಯಾಚ್ ಶುರುವಾಗಿರುತ್ತೆ, ಆ ರಿಸ್ಕ್ ಬೇಡ. ರೈಲ್ವೆ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತೆ. ಮ್ಯಾಚ್ ಪಟ್ಟಿ ಬಂದ ದಿನವೇ ಹಾಕಿಡಿ, ದಿನವೋ ಮೈದಾನವೋ ಬದಲಾದರೆ ಕ್ಯಾನ್ಸಲ್ ಮಾಡಿದರಾಯ್ತು, ಹೋಗೋದು ಸ್ವಲ್ಪ ದುಡ್ಡು ಅಷ್ಟೇ. ವಾಪಸ್ ಟಿಕೆಟ್ ಮಾತ್ರ ಮಾರನೇ ದಿನಕ್ಕೇ ಮಾಡಿ. ವಿಮಾನದ ಬಗ್ಗೆ ನಾನೇನೂ ಹೇಳಲ್ಲ, ದೇವನಹಳ್ಳಿಗೆ ಹೋಗೋದು, ಅಲ್ಲಿ ನೆಡುಂಬಾಶ್ಶೇರಿಯಿಂದ ಊರೊಳಗೆ ಬರೋದು, ಅದರಲ್ಲೇ ಅರ್ಧ ದಿನ ಹೋಗುತ್ತೆ.

ಕೊಚ್ಚಿ ಒಳಗೆ ಓಡಾಟ ಸುಲಭ. ಸ್ಟೇಡಿಯಂ ಪಕ್ಕದಲ್ಲೇ ಮೆಟ್ರೋ ನಿಲ್ದಾಣ ಇದೆ, ಹೆಸರೇ ಜೆಎಲ್‌ಎನ್ ಸ್ಟೇಡಿಯಂ. ಎರ್ನಾಕುಳಂ ಟೌನ್‌ನಲ್ಲಿ ಇಳಿದರೆ ಟೌನ್ ಹಾಲ್ ನಿಲ್ದಾಣ, ಅಲ್ಲಿಂದ ಎರಡನೇ ಸ್ಟಾಪು. ಬ್ಯಾಗು, ನೀರಿನ ಬಾಟಲಿ, ಪವರ್ ಬ್ಯಾಂಕ್ ಗೇಟಲ್ಲಿ ಕಿತ್ತುಕೊಳ್ತಾರೆ, ಎಲ್ಲಾ ರೂಮಲ್ಲೇ ಬಿಡಿ. ಮಧ್ಯಾಹ್ನ ಗಟ್ಟಿಯಾಗಿ ಊಟ ಮಾಡಿ, ಸಂಜೆ ಒಂದು ಬಿಸಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಚಹಾ. ಒಳಗೆ ಹೋದಮೇಲೆ ತಿನ್ನೋಕೆ ಸರಿಯಾಗಿ ಏನೂ ಸಿಗಲ್ಲ.

ಈಗ ಮಾಡಬೇಕಾದ್ದು ಇಷ್ಟು. ಆ್ಯಪ್ ಮುಚ್ಚಿ. ಕೊಚ್ಚಿಗೆ ಮೊದಲು ಕಂಠೀರವದಲ್ಲಿ ಹೋಮ್ ಮ್ಯಾಚ್ ಇದೆಯಾ ನೋಡಿ. ನಾಲ್ಕೂ ಜನ ವೆಸ್ಟ್ ಬ್ಲಾಕ್‌ಗೆ ಟಿಕೆಟ್ ತಗೊಂಡು ಬನ್ನಿ. ಹಾಫ್ ಟೈಮ್‌ನಲ್ಲಿ ಡ್ರಮ್ ಹತ್ತಿರ ಇರೋರನ್ನ ಹಿಡಿದು, ಕೊಚ್ಚಿಗೆ ನಾವೂ ಬರ್ತೀವಿ ಅಣ್ಣ, ಹೆಸರು ಬರ್ಕೊಳ್ಳಿ ಅನ್ನಿ. ಬಸ್ ಮಾಡ್ತಾರಾ, ಟ್ರೈನಲ್ಲಿ ಹೋಗ್ತಾರಾ, ಟಿಕೆಟ್ ದುಡ್ಡು ಯಾವಾಗ ಕೊಡಬೇಕು, ಯಾವ ಗೇಟ್ ಹತ್ತಿರ ಎಷ್ಟು ಗಂಟೆಗೆ ಸೇರೋದು, ಎಲ್ಲಾ ಅವರೇ ಹೇಳ್ತಾರೆ.