ಬ್ರಿಟ್ನಿ ಸ್ಪಿಯರ್ಸ್ ಆತ್ಮಕಥೆ ಓದಬಹುದಾ? ಅಷ್ಟು ದೊಡ್ಡ ಸ್ಟಾರ್ 13 ವರ್ಷ ಅಪ್ಪನ ಹಿಡಿತದಲ್ಲಿ ಇದ್ದದ್ದು ಹೇಗೆ?

ಖಂಡಿತ ಓದಿ. ಅಮೆರಿಕದ ಈ ಪಾಪ್ ಗಾಯಕಿಯ ಒಂದು ಹಾಡೂ ಕೇಳಿರದಿದ್ದರೆ ಪರವಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಬಂದ ‘ದಿ ವುಮನ್ ಇನ್ ಮಿ’ ಚಿಕ್ಕ ಪುಸ್ತಕ, ಇಂಗ್ಲಿಷ್ ಕೂಡ ಸರಳ.

ನಿಮ್ಮ ಎರಡನೇ ಪ್ರಶ್ನೆ ಇದೆಯಲ್ಲ, ಓದುವಾಗ ನನ್ನ ತಲೆ ಕೊರೆದದ್ದೂ ಅದೇ. ಕ್ಯಾಲಿಫೋರ್ನಿಯಾದಲ್ಲಿ ಕನ್ಸರ್ವೇಟರ್‌ಶಿಪ್ ಅಂತ ಒಂದು ಕಾನೂನಿನ ಏರ್ಪಾಡು ಇದೆ. ತನ್ನ ಊಟ, ಬಟ್ಟೆ, ದುಡ್ಡು ತಾನೇ ನೋಡಿಕೊಳ್ಳಲು ಆಗದವರ ಪರವಾಗಿ, ಉದಾಹರಣೆಗೆ ಮರೆವಿನ ಕಾಯಿಲೆ ಬಂದ ವಯಸ್ಸಾದವರ ಪರವಾಗಿ, ತೀರ್ಮಾನ ಮಾಡಲು ಕೋರ್ಟ್ ಇನ್ನೊಬ್ಬರನ್ನು ನೇಮಿಸುತ್ತದೆ. 2008ರ ಫೆಬ್ರವರಿಯಲ್ಲಿ ಬ್ರಿಟ್ನಿಗೆ ಬರೀ 26 ವರ್ಷ. ಡೈವೋರ್ಸ್ ಆಗಿತ್ತು, ಇಬ್ಬರು ಪುಟ್ಟ ಮಕ್ಕಳಿಗಾಗಿ ಕೋರ್ಟಿನಲ್ಲಿ ಜಗಳ, ಮನೆಯಿಂದ ಹೊರಗೆ ಕಾಲಿಟ್ಟರೆ ಮುಖದ ಮೇಲೆ ಕ್ಯಾಮೆರಾ, ಅದರ ಮಧ್ಯೆ ಆಸ್ಪತ್ರೆ. ಆಗ ಅಪ್ಪ ಜೇಮಿ ಸ್ಪಿಯರ್ಸ್ ಕೈಗೆ ಎಲ್ಲಾ ಹೋಯಿತು. ತಾತ್ಕಾಲಿಕ ಅಂತ ಶುರುವಾದದ್ದು ಅದೇ ವರ್ಷ ಕಾಯಂ ಆಯಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಅವರ ಹೊಸ ಆಲ್ಬಂ ಬಂತು! ಮುಂದಿನ ವರ್ಷ ದೇಶ ದೇಶ ಸುತ್ತಿ ಕಾರ್ಯಕ್ರಮ. 2013ರ ಕೊನೆಯಿಂದ 2017ರ ಕೊನೆಯವರೆಗೆ ಲಾಸ್ ವೇಗಸ್‌ನಲ್ಲಿ ಶೋ. ಸಾವಿರಾರು ಜನರ ಮುಂದೆ ಕುಣಿದು ಕೋಟಿಗಟ್ಟಲೆ ದುಡಿಯಲು ಹುಷಾರಿದ್ದಾಳೆ, ಆದರೆ ತನ್ನ ವಕೀಲರನ್ನು ತಾನೇ ಇಟ್ಟುಕೊಳ್ಳುವಷ್ಟು ಹುಷಾರಿಲ್ಲ, ಇದು ಯಾವ ನ್ಯಾಯ? ನನ್ನ ಪ್ರಕಾರ ಸಿಕ್ಕಿಹಾಕಿಕೊಂಡದ್ದೇ ಇಲ್ಲಿ. ಚೆನ್ನಾಗಿ ಕೆಲಸ ಮಾಡಿದರೆ ಏರ್ಪಾಡಿನಿಂದಲೇ ಸರಿಹೋದಳು ಅಂತ ಲೆಕ್ಕ, ಸಿಟ್ಟು ಮಾಡಿಕೊಂಡರೆ ಇನ್ನೂ ಸರಿಹೋಗಿಲ್ಲ ಅಂತ ಲೆಕ್ಕ. ಮೇಲಾಗಿ ಎರಡೂ ಕಡೆಯ ವಕೀಲರ ಫೀಸು ಹೋಗುತ್ತಿದ್ದದ್ದು ಅವರ ದುಡ್ಡಿನಿಂದಲೇ.

ಪುಸ್ತಕದಲ್ಲಿ ನನಗೆ ಜಾಸ್ತಿ ಸಂಕಟವಾದದ್ದು ಊಟದ ಭಾಗ ಓದುವಾಗ. ಎರಡು ವರ್ಷ ಹೆಚ್ಚುಕಡಿಮೆ ಬರೀ ಚಿಕನ್ ಮತ್ತು ಡಬ್ಬಿಯ ತರಕಾರಿ ತಿಂದೆ ಅಂತ ಬರೆಯುತ್ತಾರೆ. ಬೇರೆ ಏನಾದರೂ ಕೊಡಿ ಅಂತ ಮನೆಯ ಕೆಲಸದವರನ್ನು ಕೇಳಿದರೆ, ಕೊಡಬಾರದು ಅಂತ ಆರ್ಡರ್ ಇದೆ ಅನ್ನುವ ಉತ್ತರ. ದೊಡ್ಡ ದೊಡ್ಡ ಹಕ್ಕುಗಳ ಮಾತು ಬಿಡಿ, ತನ್ನ ದುಡ್ಡಲ್ಲಿ ತನಗೆ ಬೇಕಾದ್ದು ತಿನ್ನುವ ಹಾಗಿಲ್ಲ. ಹಾಗಾದರೆ ಯಾಕೆ ಸಹಿಸಿಕೊಂಡರು ಅಂದರೆ, ಮಕ್ಕಳು. ಹೇಳಿದ ಹಾಗೆ ಕೇಳಿದರೆ ಮಕ್ಕಳ ಜೊತೆ ಇರಬಹುದು, ಅವರ ಪಕ್ಕ ಮಲಗಬಹುದು. ಅದಕ್ಕಾಗಿ ಸ್ವಾತಂತ್ರ್ಯ ಬಿಟ್ಟುಕೊಡಲು ಒಪ್ಪಿದೆ ಅಂತ ಅವರೇ ಹೇಳುತ್ತಾರೆ. ದುಡ್ಡಿದ್ದವರು ಸುಮ್ನೆ ಯಾಕಿದ್ದರು ಅಂತ ಕೇಳುವವರು ಈ ಭಾಗ ಓದಲೇಬೇಕು.

2021ರ ಜೂನ್ 23ರಂದು ಲಾಸ್ ಏಂಜಲಿಸ್ ಕೋರ್ಟಿನ ಮುಂದೆ ಫೋನಿನಲ್ಲೇ ಎಲ್ಲಾ ಹೇಳಿಬಿಟ್ಟರು. ಇನ್ನೊಂದು ಮಗು ಬೇಕು, ಆದರೆ ಮಕ್ಕಳಾಗದಂತೆ ಒಳಗೆ ಹಾಕಿದ ಸಾಧನ (ನಮ್ಮಲ್ಲಿ ಕಾಪರ್-ಟಿ ಅಂತಾರಲ್ಲ, ಅಂಥದ್ದು) ತೆಗೆಸಲು ಡಾಕ್ಟರ್ ಹತ್ತಿರ ಹೋಗಲು ಬಿಡುತ್ತಿಲ್ಲ ಅಂದರು. ಇದನ್ನು ನಿಲ್ಲಿಸಿ ಅಂತ ಅರ್ಜಿ ಹಾಕಬಹುದು ಅನ್ನುವುದೇ ತನಗೆ ಗೊತ್ತಿರಲಿಲ್ಲ ಅಂತಲೂ ಹೇಳಿದರು. ಆಮೇಲೆ ಎಲ್ಲಾ ಬೇಗ ಬೇಗ ಆಯಿತು. ಜುಲೈನಲ್ಲಿ ತಾವೇ ಆರಿಸಿದ ವಕೀಲ ಮ್ಯಾಥ್ಯೂ ರೋಸೆನ್‌ಗಾರ್ಟ್ ಬಂದರು, ಸೆಪ್ಟೆಂಬರ್ ಕೊನೆಗೆ ಅಪ್ಪನನ್ನು ಕೋರ್ಟ್ ಸರಿಸಿತು, ನವೆಂಬರ್ 12ಕ್ಕೆ ಇಡೀ ಏರ್ಪಾಡೇ ರದ್ದಾಯಿತು. ಮಗಳ ಒಳ್ಳೆಯದಕ್ಕೇ ಮಾಡಿದೆ ಅನ್ನುವುದು ಅಪ್ಪನ ವಾದ. ನಾನಂತೂ ಒಪ್ಪುವುದಿಲ್ಲ.

ಬಿಡುಗಡೆ ಆದ ನಂತರದ ಭಾಗ ಮಾತ್ರ ಗಡಿಬಿಡಿಯಲ್ಲಿ ಮುಗಿಯುತ್ತದೆ. ಈಗ ದಿನ ಹೇಗೆ ಕಳೆಯುತ್ತಾರೆ, ಯಾವುದು ಕಷ್ಟ ಅನ್ನುವುದನ್ನು ಇನ್ನಷ್ಟು ಬರೆಯಬೇಕಿತ್ತು. ಓದಲು ಸಮಯ ಇಲ್ಲದಿದ್ದರೆ ಆಡಿಯೋ ಬುಕ್ ಇದೆ. ಮೊದಲ ನಾಲ್ಕು ಮಾತು ಬ್ರಿಟ್ನಿ ದನಿಯಲ್ಲೇ, ಉಳಿದದ್ದನ್ನು ನಟಿ ಮಿಶೆಲ್ ವಿಲಿಯಮ್ಸ್ ಓದಿದ್ದಾರೆ, ಬಹಳ ಚೆನ್ನಾಗಿ ಓದಿದ್ದಾರೆ.