ರಿಪೋರ್ಟಿಗೆ ಇನ್ನೂ ಒಂಬತ್ತು ದಿನ

ಪ್ರಶ್ನೆ: ನನಗೆ 38 ವರ್ಷ. ಮಂಡ್ಯದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಎರಡು ತಿಂಗಳಿಂದ ಬಲಗೈ ಬೆರಳು ಜೋಮು ಹಿಡಿಯುತ್ತೆ, ಬಲಗಾಲಿನ ಮೀನಖಂಡ ತಾನಾಗಿಯೇ ಪಟಪಟ ಅದುರುತ್ತೆ. ಮೈಸೂರಿನ ನರರೋಗ ತಜ್ಞರು ಪರೀಕ್ಷಿಸಿ ‘ಶಕ್ತಿ ಚೆನ್ನಾಗಿದೆ’ ಅಂದರು. ಆದರೂ ಎನ್‌ಸಿಎಸ್ (ನರದ ಪರೀಕ್ಷೆ), ಇಎಂಜಿ (ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಪರೀಕ್ಷೆ), ಕುತ್ತಿಗೆಯ ಎಂಆರ್‌ಐ, ಬಿ12 ವಿಟಮಿನ್ ಪರೀಕ್ಷೆ ಬರೆದುಕೊಟ್ಟರು. ಎಲ್ಲ ಮಾಡಿಸಿ ಆಯಿತು. ಡಾಕ್ಟರು ಸಿಗುವುದು ಒಂಬತ್ತು ದಿನದ ಮೇಲೆ. ಮೊಬೈಲಿನಲ್ಲಿ ಎಎಲ್‌ಎಸ್ (ನರ ನಶಿಸಿ ಕೈಕಾಲಿನ ಶಕ್ತಿ ಹೋಗುತ್ತಾ ಬರುವ) ಕಾಯಿಲೆ ಬಗ್ಗೆ ಓದಿದ ರಾತ್ರಿಯಿಂದ ನಿದ್ದೆ ಇಲ್ಲ. ಇಎಂಜಿ ಮಾಡಿದವರು ಒಂದೇ ಜಾಗಕ್ಕೆ ಎರಡು ಸಲ ಸೂಜಿ ಚುಚ್ಚಿ, ಏನೂ ಹೇಳದೆ ಕಳಿಸಿದರು. ನನ್ನ ಟೇಪಿನಲ್ಲೇ ಅಳೆದೆ, ಬಲ ಮೀನಖಂಡದ ಸುತ್ತಳತೆ 1 ಸೆಂ.ಮೀ. ಕಡಿಮೆ ಇದೆ. ‘ನನ್ನ ಮಾತು ತೊದಲುತ್ತಾ?’ ಅಂತ ದಿನಕ್ಕೆ ಹತ್ತು ಸಲ ಕೇಳಿ ಯಜಮಾನರಿಗೂ ಸಾಕಾಗಿದೆ. ಬೆಂಗಳೂರಿಗೆ ಹೋಗಿ ಎಲ್ಲ ಇನ್ನೊಂದು ಸಲ ಮಾಡಿಸಿಬಿಡಲೇ? ಮಗನಿಗೆ ಪಿಯು ಪರೀಕ್ಷೆ ಹತ್ತಿರ ಬಂದಿದೆ, ಅವನಿಗೆ ಹೇಳಲೇ?
— ಹೆಸರು ಬೇಡ, ಮಂಡ್ಯ

ಉತ್ತರ: ಬೆಂಗಳೂರು ಬೇಡ. ಮೊದಲು ಮಾಡಿಸಿದ್ದನ್ನೇ ಇನ್ನೂ ಯಾರೂ ಓದಿ ಹೇಳಿಲ್ಲ. ಬೇರೆ ಲ್ಯಾಬು, ಬೇರೆ ಮೆಷಿನ್ನು ಅಂದರೆ ಅಂಕಿಗಳು ಚೂರುಪಾರು ಬೇರೆಯಾಗಿಯೇ ಬರುತ್ತವೆ. ಆಗ ನಿಮ್ಮ ಕೈಯಲ್ಲಿ ಎರಡು ರಿಪೋರ್ಟು, ತಲೆಯಲ್ಲಿ ಇನ್ನೊಂದು ಅನುಮಾನ. ಡಾಕ್ಟರು ಓದಿದ ಮೇಲೂ ಸಂದೇಹ ಉಳಿದರೆ ಎರಡನೇ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು, ಆದರೆ ಇದೇ ರಿಪೋರ್ಟುಗಳನ್ನು ಹಿಡಿದುಕೊಂಡು ಹೋಗಿ.

‘ಶಕ್ತಿ ಚೆನ್ನಾಗಿದೆ’ ಎಂಬ ಮಾತನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಾವು ಅಲ್ಲೇ ನಿಲ್ಲುತ್ತೇವೆ. ನರರೋಗ ತಜ್ಞರು ನಿಮ್ಮ ಕೈಕಾಲನ್ನು ತಳ್ಳಿ, ಎಳೆದು, ಮಂಡಿಗೆ ಸುತ್ತಿಗೆ ತಟ್ಟಿ ನೋಡುವುದು ಶಾಸ್ತ್ರಕ್ಕಲ್ಲ. ನೀವು ಹೆದರಿರುವ ಕಾಯಿಲೆಯಲ್ಲಿ ಮುಖ್ಯವಾಗಿ ಕಾಣುವುದು ಅದುರುವಿಕೆಯಲ್ಲ, ಶಕ್ತಿ ಹೋಗುವುದು. ಗುಂಡಿ ಹಾಕಲು ಬೆರಳು ಕೇಳುವುದಿಲ್ಲ, ನಡೆಯುವಾಗ ಪಾದ ಎತ್ತಲು ಆಗದೆ ಎಡವುತ್ತದೆ. ಬರೀ ಅದುರುವುದು ಆರೋಗ್ಯವಂತರಲ್ಲೂ ಇದೆ. ಅದರಲ್ಲೂ ಕಣ್ಣಿನ ರೆಪ್ಪೆ ಮತ್ತು ಮೀನಖಂಡದಲ್ಲಿ ಹೆಚ್ಚು. ನಿದ್ದೆಗೆಟ್ಟರೆ, ಕಾಫಿ ಜಾಸ್ತಿಯಾದರೆ, ಕಾಲು ದಣಿದರೆ, ಮನಸ್ಸು ಹೆದರಿದರೆ ಇನ್ನೂ ಹೆಚ್ಚುತ್ತದೆ. ಕಾಲಲ್ಲಿ ತುಳಿಯುವ ಮೆಷಿನ್ ಆದರೆ ನಿಮ್ಮ ಮೀನಖಂಡ ದಿನವಿಡೀ ದುಡಿಯುತ್ತಿರುತ್ತದೆ. ಪತ್ರ ಓದಿ ನಿಮಗೆ ಏನೂ ಇಲ್ಲ ಎಂದು ನಾವು ಬರೆದುಕೊಡಲಾಗದು. ನಿಮ್ಮನ್ನು ಮುಟ್ಟಿ ನೋಡಿದವರು ಹೇಳಿದ ಮಾತಿಗೆ ಮೊಬೈಲಿಗಿಂತ ಹೆಚ್ಚು ತೂಕ ಕೊಡಿ ಎನ್ನಬಲ್ಲೆವು.

ಹಾಗಾದರೆ ಇಷ್ಟೊಂದು ಪರೀಕ್ಷೆ ಯಾಕೆ? ಸಾಮಾನ್ಯ ಕಾರಣಗಳನ್ನು ಹುಡುಕಲು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಜೋಮು ಹಿಡಿಯುತ್ತದೆ. ರಾತ್ರಿ ಎಚ್ಚರವಾಗಿ ಕೈ ಒದರಿದರೆ ಸ್ವಲ್ಪ ಹಾಯೆನಿಸುತ್ತದೆ. ದಿನವಿಡೀ ಕತ್ತರಿ ಹಿಡಿಯುವವರಿಗೆ ಇದು ಬರುವುದುಂಟು. ಕಿರುಬೆರಳಿನ ಕಡೆ ಜೋಮಾದರೆ ಮೊಣಕೈ ಅಥವಾ ಕುತ್ತಿಗೆಯ ಕಡೆ ನೋಡುತ್ತಾರೆ. ಯಾವ ಬೆರಳು ಎಂದು ನೀವು ಬರೆದಿಲ್ಲ, ಡಾಕ್ಟರಿಗೆ ಮಾತ್ರ ತಪ್ಪದೆ ಹೇಳಿ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೂಡ ಜೋಮು ತರುತ್ತವೆ. ಎಲ್ಲಕ್ಕೂ ಚಿಕಿತ್ಸೆ ಇದೆ.

ಎರಡು ಸಲ ಸೂಜಿ ಚುಚ್ಚಿದ್ದರ ಬಗ್ಗೆ. ಇಎಂಜಿ ಸೂಜಿ ಸ್ನಾಯುವಿನೊಳಗಿನ ವಿದ್ಯುತ್ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಮೊದಲು ಸ್ನಾಯು ಪೂರ್ತಿ ಸಡಿಲವಾಗಿರಬೇಕು, ಆಮೇಲೆ ಬಿಗಿಹಿಡಿಯಬೇಕು. ಹೆದರಿದವರು ಸಡಿಲ ಬಿಡುವುದಿಲ್ಲ, ಹಾಗಾಗಿ ಇನ್ನೊಂದು ಸಲ ನೋಡುತ್ತಾರೆ. ಒಂದೇ ಸ್ನಾಯುವಿನಲ್ಲಿ ಹಲವು ಕಡೆ ನೋಡುವುದು ಆ ಪರೀಕ್ಷೆಯ ಕ್ರಮವೂ ಹೌದು. ಏನೂ ಹೇಳದೆ ಕಳಿಸಿದ್ದಕ್ಕೂ ಅರ್ಥ ಹಚ್ಚಬೇಡಿ. ಫಲಿತಾಂಶ ತಿಳಿಸುವುದು ಪರೀಕ್ಷೆ ಬರೆದುಕೊಟ್ಟ ಡಾಕ್ಟರ ಕೆಲಸ. ಚೆನ್ನಾಗಿ ಬಂದವರನ್ನೂ ಹಾಗೆಯೇ ಕಳಿಸುತ್ತಾರೆ.

ಇನ್ನು ಟೇಪು. ಅದನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ತೋಳಿನ ಸುತ್ತಳತೆ ತೆಗೆಯುವಾಗ ಟೇಪು ಒಂದು ಬೆರಳು ಮೇಲೆ ಕೆಳಗೆ ಆದರೆ ಏನಾಗುತ್ತದೆಂದು ನಿಮಗೆ ಗೊತ್ತು, ಬ್ಲೌಸು ವಾಪಸ್ ಬರುತ್ತದೆ. ಮೀನಖಂಡ ತೋಳಿಗಿಂತ ಬೇಗ ಸಣ್ಣಗಾಗುತ್ತ ಇಳಿಯುತ್ತದೆ. ನಿಂತಾಗ ಒಂದು ಅಳತೆ, ಕಾಲು ಇಳಿಬಿಟ್ಟು ಕೂತಾಗ ಇನ್ನೊಂದು, ಎಳೆದು ಹಿಡಿದರೆ ಮತ್ತೊಂದು. ಡಾಕ್ಟರು ಅಳೆಯುವುದಾದರೆ ಮಂಡಿಯಿಂದ ಇಂತಿಷ್ಟು ಸೆಂಟಿಮೀಟರ್ ಕೆಳಗೆ ಎಂದು ಎರಡೂ ಕಾಲಿಗೆ ಗುರುತು ಹಾಕಿ ಅದೇ ಮಟ್ಟದಲ್ಲಿ ಅಳೆಯುತ್ತಾರೆ. ಅಷ್ಟಾದರೂ 1 ಸೆಂ.ಮೀ. ವ್ಯತ್ಯಾಸ ಆರೋಗ್ಯವಂತರಲ್ಲೂ ಸಿಗುತ್ತದೆ, ಎರಡು ಕಾಲು ತದ್ರೂಪು ಇರುವುದಿಲ್ಲ. ನೀವೂ ಗುರುತು ಹಾಕಿ ಮತ್ತೊಮ್ಮೆ ಅಳೆಯಲಿ ಎಂದು ಇದನ್ನು ಹೇಳಿದ್ದಲ್ಲ. ಟೇಪು ಗಿರಾಕಿಗಳಿಗಷ್ಟೇ ಇರಲಿ, ನಿಮ್ಮ ಕಾಲಿಗೆ ಇಂದಿನಿಂದ ಬೇಡ.

ಯಾಕೆಂದರೆ ನಿಮ್ಮನ್ನು ಈಗ ಹೆಚ್ಚು ಹಣ್ಣು ಮಾಡುತ್ತಿರುವುದು ಈ ತಪಾಸಣೆಯೇ. ಹಿಮ್ಮಡಿಯಲ್ಲಿ ಮೂವತ್ತು ಸಲ ನಡೆದು ನೋಡಿದರೆ ಕಾಲು ದಣಿಯುತ್ತದೆ, ದಣಿದ ಕಾಲು ಅದುರುತ್ತದೆ, ಅದುರಿದ್ದು ಹೊಸ ಸಾಕ್ಷಿಯಾಗುತ್ತದೆ. ಗಾಬರಿಯಲ್ಲಿ ಉಸಿರು ವೇಗವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಅನ್ನುತ್ತದೆ. ಅದನ್ನೂ ನೀವು ನರದ ಲೆಕ್ಕಕ್ಕೇ ಬರೆದುಕೊಳ್ಳುತ್ತೀರಿ. ‘ಮಾತು ಸರಿ ಇದೆ ಕಣೇ’ ಎಂದು ಯಜಮಾನರು ಅಂದ ಕ್ಷಣ ಸಮಾಧಾನ, ಹತ್ತು ನಿಮಿಷಕ್ಕೆ ‘ನನಗೋಸ್ಕರ ಹಾಗೆ ಅಂದರೇನೋ’ ಎಂಬ ಹುಳ. ಇದು ನಾಟಕ ಅಲ್ಲ, ಹೆಂಗಸರ ಗೋಳೂ ಅಲ್ಲ. ಹೆದರಿದ ಮನಸ್ಸು ಎಲ್ಲರಲ್ಲೂ ಹೀಗೇ ಕೆಲಸ ಮಾಡುತ್ತದೆ.

ಒಂದೇ ಏಟಿಗೆ ನಿಲ್ಲಿಸಲು ಹೋಗಬೇಡಿ, ಆಗುವುದಿಲ್ಲ. ನಾಳೆ ಒಂದು ಚೀಟಿಯಲ್ಲಿ ಎಷ್ಟು ಸಲ ಪರೀಕ್ಷಿಸಿಕೊಂಡಿರಿ ಎಂದು ಗೀಟು ಹಾಕಿ. ಇಪ್ಪತ್ತು ಬಂದರೆ ನಾಡಿದ್ದಿಗೆ ಹತ್ತು, ಆಮೇಲೆ ಐದು, ಆಮೇಲೆ ಒಂದು. ಮನಸ್ಸು ಎಳೆದಾಗ ‘ಹತ್ತು ನಿಮಿಷ ಬಿಟ್ಟು’ ಎಂದು ಮುಂದಕ್ಕೆ ಹಾಕಿ, ಎಷ್ಟೋ ಸಲ ಆ ಸೆಳೆತ ತಾನೇ ಇಳಿಯುತ್ತದೆ. ಚಿಂತೆಗೆ ಸಂಜೆ 6ರಿಂದ 6.20 ಎಂದು ಹೊತ್ತು ಕೊಡಿ. ಕುರ್ಚಿಯಲ್ಲಿ ಕೂತು, ತೋಚಿದ್ದೆಲ್ಲ ಬರೆಯಿರಿ. ಹಾಸಿಗೆಯಲ್ಲಿ ಬೇಡ. ಮೊಬೈಲು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ. ಯಜಮಾನರಿಗೆ ಈ ಅಂಕಣ ಓದಲು ಕೊಡಿ. ಮುಂದೆ ನೀವು ಕೇಳಿದಾಗ ಅವರು ‘ತೊದಲುತ್ತಿಲ್ಲ’ ಎನ್ನುವ ಬದಲು ‘ಹೆದರಿಕೆ ಬಂತಾ? ಬಾ, ಒಂದು ಸುತ್ತು ನಡೆದು ಬರೋಣ’ ಎನ್ನಲಿ. ಗಾಬರಿ ಏರಿದರೆ ನಾಲ್ಕು ಎಣಿಸುತ್ತ ಮೂಗಿನಲ್ಲಿ ಉಸಿರು ಒಳಗೆ, ಆರು ಎಣಿಸುತ್ತ ನಿಧಾನಕ್ಕೆ ಹೊರಗೆ, ಐದು ನಿಮಿಷ. ಮಧ್ಯಾಹ್ನದ ಊಟದ ಮೇಲೆ ಕಾಫಿ, ಟೀ ಬೇಡ. ಹೊಲಿಗೆ ನಿಲ್ಲಿಸಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಬಿಡಿಸಿಕೊಳ್ಳಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ‘ನರಕ್ಕೆ ಶಕ್ತಿ’ ಮಾತ್ರೆ ನುಂಗಬೇಡಿ. ಅಂಥವುಗಳಲ್ಲಿ ಕೆಲವದರಲ್ಲಿ ಬಿ6 ವಿಟಮಿನ್ ಹೆಚ್ಚಿರುತ್ತದೆ. ಅದನ್ನೇ ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ತಿಂದರೆ ನರಕ್ಕೆ ಪೆಟ್ಟಾಗಿ ಜೋಮು ಬರುತ್ತದೆ.

ರಿಪೋರ್ಟು ಮೊದಲೇ ವಾಟ್ಸ್ಆ್ಯಪ್‌ಗೆ ಬಂದರೆ ರಾತ್ರಿ ಒಬ್ಬರೇ ತೆರೆಯಬೇಡಿ. ಕುತ್ತಿಗೆಯ ಎಂಆರ್‌ಐನಲ್ಲಿ ‘ಡಿಸ್ಕ್ ಬಲ್ಜ್’ (ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ), ‘ಡಿಜೆನರೇಟಿವ್’ (ಸವೆದಿದೆ) ಎಂದಿರಬಹುದು. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಆ ಪದಗಳಿರುತ್ತವೆ. ನಿಮ್ಮ ಜೋಮಿಗೂ ಅದಕ್ಕೂ ಸಂಬಂಧ ಇದೆಯೇ ಎಂದು ಹೇಳಬೇಕಾದವರು ಡಾಕ್ಟರು.

ಒಂಬತ್ತು ದಿನ ಕಾಯಬಾರದ ಸಂಗತಿಗಳೂ ಇವೆ. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುವುದು, ಎದುರಿನವರಿಗೆ ಅರ್ಥವಾಗದಷ್ಟು ಮಾತು ತಡವರಿಸುವುದು, ಮೂತ್ರ ಕಟ್ಟುವುದು, ಉಸಿರಾಟಕ್ಕೆ ಅಥವಾ ನುಂಗಲು ಕಷ್ಟ. ಇವು ಕಂಡರೆ ತಕ್ಷಣ 108. ಇವನ್ನು ದಿನಾ ಹುಡುಕಿ ನೋಡಬೇಕಿಲ್ಲ, ಬಂದರೆ ತಾನಾಗಿಯೇ ಗೊತ್ತಾಗುತ್ತದೆ.

ಮಗನಿಗೆ ಹೇಳಿ, ಎರಡೇ ಮಾತಿನಲ್ಲಿ: ‘ಕೈ ಜೋಮು ಹಿಡಿಯುತ್ತಿತ್ತು, ಪರೀಕ್ಷೆ ಮಾಡಿಸಿದ್ದೀನಿ, ಇಂಥ ದಿನ ಗೊತ್ತಾಗುತ್ತೆ. ಗೊತ್ತಾದ ದಿನವೇ ನಿನಗೂ ಹೇಳ್ತೀನಿ.’ ಅಮ್ಮ ರಾತ್ರಿಯೆಲ್ಲ ಎದ್ದಿರುವುದು ಅವನಿಗೆ ಈಗಾಗಲೇ ಕಂಡಿರುತ್ತದೆ. ಮುಚ್ಚಿಟ್ಟರೆ ಅವನು ಇನ್ನೂ ದೊಡ್ಡದನ್ನೇ ಊಹಿಸಿಕೊಳ್ಳುತ್ತಾನೆ.

ತಡೆಯಲಾಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ: 14416. ಹಣ ಇಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ರಿಪೋರ್ಟು ಸರಿಯಾಗಿ ಬಂದು ಎರಡು ಮೂರು ವಾರವಾದರೂ ಭಯ ಬಿಡದಿದ್ದರೆ, ಅದಕ್ಕೆ ಬೇರೆಯದೇ ಚಿಕಿತ್ಸೆ ಉಂಟು. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ.

ನರರೋಗ ತಜ್ಞರಿಗೆ ರಿಪೋರ್ಟು ತೋರಿಸುವ ದಿನ ಯಜಮಾನರನ್ನು ಜೊತೆಗೆ ಕರೆದುಕೊಂಡು ಹೋಗಿ. ಗಾಬರಿಯಲ್ಲಿ ಕೇಳಿದ್ದು ಅರ್ಧ ಮರೆಯುತ್ತದೆ. ಎಂಆರ್‌ಐ ಫಿಲ್ಮು, ರಕ್ತದ ರಿಪೋರ್ಟು, ನುಂಗುತ್ತಿರುವ ಮಾತ್ರೆಗಳ ಚೀಟಿ ಎಲ್ಲ ಒಂದೇ ಕವರಿನಲ್ಲಿರಲಿ. ನಾಲ್ಕೇ ಪ್ರಶ್ನೆ ಬರೆದುಕೊಳ್ಳಿ: ಏನು ಕಂಡಿತು? ಯಾವುದು ಇಲ್ಲ ಎಂದು ಖಚಿತವಾಯಿತು? ಈಗ ಏನು ಮಾಡಬೇಕು? ಯಾವ ಲಕ್ಷಣ ಬಂದರೆ ಮಾತ್ರ ಮತ್ತೆ ಬರಬೇಕು? ನಾಲ್ಕನೆಯದರ ಉತ್ತರವನ್ನು ಯಜಮಾನರ ಕೈಯಲ್ಲಿ ಅಲ್ಲೇ ಬರೆಸಿ, ಮೆಷಿನ್ನಿನ ಡ್ರಾಯರಿನಲ್ಲಿ ಬಾಬಿನ್ ಡಬ್ಬಿಯ ಪಕ್ಕ ಇಟ್ಟುಕೊಳ್ಳಿ.