ಜೆನೆಟ್ ರಾಂಕಿನ್ ಅವರ ಆದ್ಯತೆಗಳೇನಿದ್ದವು?

ಪ್ರಶ್ನೆ: ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಜೆನೆಟ್ ರಾಂಕಿನ್ ಎರಡು ಮಹಾಯುದ್ಧಗಳ ವಿರುದ್ಧವೂ ಮತ ಹಾಕಿದರೆಂದು ಓದಿದ್ದೇನೆ. ಹಳ್ಳಿಗಾಡಿನಿಂದ ಬಂದ ಈ ಪ್ರತಿನಿಧಿಗೆ ಬೇರೆ ಆದ್ಯತೆಗಳೇ ಇರಲಿಲ್ಲವೇ?

ಉತ್ತರ: ಖಂಡಿತ ಇದ್ದವು. ಆ ಎರಡು ಮತಗಳ ಸದ್ದಿನಲ್ಲಿ ಉಳಿದದ್ದೆಲ್ಲ ಮುಳುಗಿಹೋಯಿತೆಂಬುದು ನನ್ನ ಬಹುದಿನಗಳ ಕೊರಗು. ರಾಂಕಿನ್ ಹುಟ್ಟಿದ್ದು 1880ರಲ್ಲಿ, ಮೊಂಟಾನಾದ ಮಿಸೌಲಾ ಪಟ್ಟಣದ ಸಮೀಪ, ಜಾನುವಾರು ಸಾಕುತ್ತಿದ್ದ ಕುಟುಂಬದ ಹಿರಿಯ ಮಗಳಾಗಿ. ಮೊಂಟಾನಾ ಆಗಿನ್ನೂ ರಾಜ್ಯವೇ ಆಗಿರಲಿಲ್ಲ. ಗಂಡಸರಿಗೆ ಸರಿಸಮನಾಗಿ ದುಡಿಯುತ್ತಿದ್ದ ಅಲ್ಲಿನ ಹೆಂಗಸರಿಗೆ ಮತ ಹಾಕುವ ಹಕ್ಕಿರಲಿಲ್ಲ. ರಾಂಕಿನ್ ಅವರ ಸಾರ್ವಜನಿಕ ಜೀವನ ಆರಂಭವಾದದ್ದು ಈ ಅನ್ಯಾಯದ ವಿರುದ್ಧದ ಹೋರಾಟದಿಂದ. 1914ರಲ್ಲಿ ಮೊಂಟಾನಾದ ಮಹಿಳೆಯರು ಮತದಾನದ ಹಕ್ಕನ್ನು ಪಡೆದಾಗ ಆ ಚಳವಳಿಯ ಮುಂಚೂಣಿಯಲ್ಲಿದ್ದ ರಾಂಕಿನ್, 1916ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಪ್ರತಿನಿಧಿಗಳ ಸಭೆಗೆ ಗೆದ್ದು ಬಂದರು. ಹಲವು ರಾಜ್ಯಗಳ ಮಹಿಳೆಯರಿಗೆ ಇನ್ನೂ ಮತವೇ ಇಲ್ಲದಿದ್ದ ಕಾಲವದು. ಮಹಿಳೆಯರ ಮತದಾನದ ಹಕ್ಕನ್ನು ಇಡೀ ದೇಶಕ್ಕೆ ವಿಸ್ತರಿಸಿದ ಸಂವಿಧಾನದ 19ನೇ ತಿದ್ದುಪಡಿ ಜಾರಿಗೆ ಬಂದದ್ದು 1920ರಲ್ಲಿ.

1917ರ ಜೂನ್‌ನಲ್ಲಿ ಮೊಂಟಾನಾದ ಬ್ಯೂಟ್ ನಗರದ ಸ್ಪೆಕ್ಯುಲೇಟರ್ ಗಣಿಯಲ್ಲಿ ಬೆಂಕಿ ಹೊತ್ತಿಕೊಂಡು 168 ಕಾರ್ಮಿಕರು ಸತ್ತರು. ಮುಷ್ಕರಕ್ಕಿಳಿದ ಗಣಿ ಕಾರ್ಮಿಕರ ಪರವಾಗಿ ರಾಂಕಿನ್ ಬಹಿರಂಗವಾಗಿ ನಿಂತು, ರಾಜ್ಯದ ರಾಜಕಾರಣವನ್ನೇ ಅಂಗೈಯಲ್ಲಿಟ್ಟುಕೊಂಡಿದ್ದ ಅನಕೊಂಡಾ ತಾಮ್ರದ ಕಂಪನಿಯನ್ನು ಎದುರುಹಾಕಿಕೊಂಡರು. ನನ್ನ ದೃಷ್ಟಿಯಲ್ಲಿ ಇದು ಯುದ್ಧದ ವಿರುದ್ಧ ಮತ ಹಾಕಿದಷ್ಟೇ ಧೈರ್ಯದ ಕೆಲಸ, ಏಕೆಂದರೆ ಇಲ್ಲಿ ಎದುರಾಳಿ ತಮ್ಮ ಮನೆಯಂಗಳದಲ್ಲೇ ಇದ್ದ. 1918ರಲ್ಲಿ ಅವರು ಹಳ್ಳಿಗಾಡಿನ ತಾಯಂದಿರ ಹಾಗೂ ಶಿಶುಗಳ ಆರೋಗ್ಯಕ್ಕಾಗಿ ಮಸೂದೆಯೊಂದನ್ನು ಮಂಡಿಸಿದರು. ವೈದ್ಯರಿಂದ ಎಷ್ಟೋ ಮೈಲಿ ದೂರದಲ್ಲಿ ಹೆರಿಗೆಯಾಗುವ ಹೆಣ್ಣುಮಕ್ಕಳ ಸ್ಥಿತಿ ಆ ವಿಶಾಲ ಬಯಲಿನಲ್ಲಿ ಬೆಳೆದವರಿಗೆ ಯಾರೂ ವಿವರಿಸಬೇಕಾದದ್ದಲ್ಲ. ಆ ಮಸೂದೆ ಆಗ ಅಂಗೀಕಾರವಾಗಲಿಲ್ಲ. ಆದರೆ ಅದೇ ಆಲೋಚನೆ 1921ರಲ್ಲಿ ಶೆಪರ್ಡ್–ಟೌನರ್ ಕಾಯ್ದೆಯಾಗಿ ರೂಪ ಪಡೆಯಿತು.

ಪ್ರಶ್ನೆ: ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ನಡೆಸಿದ ದಾಳಿಯ ಮರುದಿನವೂ ಯುದ್ಧ ಬೇಡವೆಂದದ್ದು ಹಟಮಾರಿತನವಲ್ಲವೇ?

ಉತ್ತರ: ಹಾಗೆ ತೋರುವುದು ಸಹಜ. 1941ರ ಡಿಸೆಂಬರ್ 8ರಂದು ಪ್ರತಿನಿಧಿಗಳ ಸಭೆಯಲ್ಲಿ 388 ಮಂದಿ ಯುದ್ಧದ ಪರವಾಗಿ ಮತ ಹಾಕಿದರೆ ವಿರುದ್ಧವಾಗಿ ಮತ ಹಾಕಿದವರು, ಮತ್ತೆ ಸಭೆಗೆ ಆಯ್ಕೆಯಾಗಿ ಬಂದಿದ್ದ ರಾಂಕಿನ್ ಒಬ್ಬರೇ. ಹೊರಬಂದ ಅವರನ್ನು ರೊಚ್ಚಿಗೆದ್ದ ಜನ ಮುತ್ತಿಕೊಂಡಾಗ ಅವರು ದೂರವಾಣಿ ಬೂತಿನೊಳಗೆ ಆಶ್ರಯ ಪಡೆದರು. ಪೊಲೀಸರು ಬಂದು ಕರೆದೊಯ್ಯಬೇಕಾಯಿತು. ಹೆಣ್ಣಾದ ತಾನು ಯುದ್ಧಕ್ಕೆ ಹೋಗಲಾರೆ, ಆದ್ದರಿಂದ ಬೇರೆಯವರನ್ನೂ ಕಳುಹಿಸಲಾರೆ ಎಂಬುದು ಅವರ ನಿಲುವಾಗಿತ್ತು. ಆ ದಿನದ ಮಟ್ಟಿಗೆ ಅವರ ನಿರ್ಧಾರ ಸರಿಯಾಗಿತ್ತೆಂದು ನಾನು ವಾದಿಸಲಾರೆ. ದಾಳಿಗೊಳಗಾದ ದೇಶ ಕೈಕಟ್ಟಿ ಕುಳಿತುಕೊಳ್ಳುವುದು ಸಾಧ್ಯವಿರಲಿಲ್ಲ. ಆದರೆ ಹಟಮಾರಿತನವೆಂಬ ಮಾತು ನನಗೆ ಒಪ್ಪಿಗೆಯಿಲ್ಲ. 1917ರಲ್ಲಿ ಅವರೊಂದಿಗೆ ಇನ್ನೂ 49 ಸದಸ್ಯರು ಮೊದಲ ಮಹಾಯುದ್ಧಕ್ಕೆ ಸೇರುವುದನ್ನು ವಿರೋಧಿಸಿದ್ದರೂ, ಹೆಂಗಸರು ರಾಜಕಾರಣಕ್ಕೆ ತಕ್ಕವರಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಎತ್ತಿ ತೋರಿಸಿದ್ದು ಅವರೊಬ್ಬರ ಮತವನ್ನೇ. ಬೆಲೆ ಎಷ್ಟೆಂದು ಚೆನ್ನಾಗಿ ತಿಳಿದಿದ್ದೂ ಅವರು ಎರಡನೆಯ ಬಾರಿ ಅದನ್ನು ತೆತ್ತರು. 1942ರಲ್ಲಿ ಮರು ಆಯ್ಕೆ ಬಯಸಿ ಸ್ಪರ್ಧಿಸಲೂ ಇಲ್ಲ.

ಪ್ರಶ್ನೆ: ಅವರಿಗೆ ಭಾರತದ ನಂಟಿತ್ತೇ?

ಉತ್ತರ: ಇತ್ತು. ಗಾಂಧೀಜಿಯವರ ಅಹಿಂಸೆಯ ಮಾರ್ಗವನ್ನು ಅರಿಯುವ ಹಂಬಲದಿಂದ 1946ರ ನಂತರ ಅವರು ಹಲವು ಬಾರಿ ಭಾರತಕ್ಕೆ ಬಂದರು. ಇತ್ತ ಅಮೆರಿಕದಲ್ಲಿ, ಜಾರ್ಜಿಯಾದ ಗ್ರಾಮೀಣ ಪ್ರದೇಶದ ಸಣ್ಣ ಮನೆಯೊಂದರಲ್ಲಿ ವರ್ಷದ ಬಹುಭಾಗ ಅತ್ಯಂತ ಸರಳವಾಗಿ ಬದುಕಿದರು. 1968ರ ಜನವರಿಯಲ್ಲಿ, ತಮ್ಮ 87ನೇ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸಾವಿರಾರು ಮಹಿಳೆಯರೊಂದಿಗೆ ವಾಷಿಂಗ್ಟನ್ನಿನಲ್ಲಿ ನಡೆದ ಮೆರವಣಿಗೆಯ ಮುಂದಾಳತ್ವ ವಹಿಸಿದ್ದರು.